ಕಪ್ ಎತ್ತಿದವರು, ಮುಂದಕ್ಕೆ ಹೋದವರು: 2022ರ ಜೂನಿಯರ್ ಟೆನಿಸ್ ವರ್ಷ

2022ರ ಜನವರಿ ಕೊನೆ. ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯನ್ ಓಪನ್ ಬಾಲಕರ ಸಿಂಗಲ್ಸ್ ಫೈನಲ್. ಒಂದು ಕಡೆ ಅಮೆರಿಕದ ಬ್ರೂನೊ ಕುಜುಹಾರಾ, ಇನ್ನೊಂದು ಕಡೆ ಜೆಕ್ ಗಣರಾಜ್ಯದ ಯಾಕುಬ್ ಮೆನ್ಶಿಕ್. ಮೊದಲ ಸೆಟ್ ಟೈಬ್ರೇಕರ್‌ನಲ್ಲಿ ಕುಜುಹಾರಾಗೆ, ಎರಡನೆಯದು ಟೈಬ್ರೇಕರ್‌ನಲ್ಲಿ ಮೆನ್ಶಿಕ್‌ಗೆ, ಮೂರನೆಯದು 7-5ರಲ್ಲಿ ಮತ್ತೆ ಕುಜುಹಾರಾಗೆ. ಬಿಸಿಲ ಝಳದಲ್ಲಿ ಮೂರೂವರೆ ಗಂಟೆ ಮೀರಿ ಆಡಿದ್ದರು. ಕೊನೆಯ ಪಾಯಿಂಟ್ ಮುಗಿಯುತ್ತಿದ್ದಂತೆ ಮೆನ್ಶಿಕ್ ಸ್ನಾಯುಸೆಳೆತದಿಂದ ಅಂಕಣದಲ್ಲೇ ಕುಸಿದರು. ಕೈಕುಲುಕಲು ನೆಟ್ ತನಕ ಬರುವಷ್ಟೂ ತ್ರಾಣ ಉಳಿದಿರಲಿಲ್ಲ. ಅವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಹೊರಗೆ ಕರೆದೊಯ್ದರು. ಕಪ್ ಕುಜುಹಾರಾ ಕೈಯಲ್ಲಿತ್ತು. ಆ ವರ್ಷ ಅಲ್ಲಿ ಬಾಲಕರ ಡಬಲ್ಸ್ ಕಪ್ ಕೂಡ ಅವರಿಗೇ, ಹಾಂಕಾಂಗ್‌ನ ಕೋಲ್ಮನ್ ವಾಂಗ್ ಜೊತೆ.

ಮೂರು ವರ್ಷ ಕಳೆದು, 2025ರ ಮಾರ್ಚ್‌ನಲ್ಲಿ ಮಿಯಾಮಿ ಓಪನ್ ಫೈನಲ್ ನಡೆಯಿತು. ಜೊಕೊವಿಚ್ ತಮ್ಮ ನೂರನೇ ಪ್ರಶಸ್ತಿಗಾಗಿ ಇಳಿದಿದ್ದರು. ಎರಡೂ ಸೆಟ್ ಟೈಬ್ರೇಕರ್‌ನಲ್ಲಿ ಗೆದ್ದು ಅದನ್ನು ತಪ್ಪಿಸಿದ ಹತ್ತೊಂಬತ್ತರ ಹುಡುಗ ಅದೇ ಮೆನ್ಶಿಕ್. ಕುಜುಹಾರಾ ಆಗಲೂ ಕೆಳಹಂತದ ವೃತ್ತಿಪರ ಟೂರ್ನಿಗಳಲ್ಲಿ ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದರು.

ಇದೊಂದೇ ಆಗಿದ್ದರೆ ಕಾಕತಾಳೀಯ ಎಂದು ಬಿಡಬಹುದಿತ್ತು. 2022ರ ಉಳಿದ ಫೈನಲ್‌ಗಳನ್ನೂ ನೋಡಿ. ಫ್ರೆಂಚ್ ಓಪನ್ ಬಾಲಕಿಯರ ಫೈನಲ್‌ನಲ್ಲಿ ಜೆಕ್‌ನ ಲೂಸಿ ಹಾವ್ಲಿಚ್ಕೊವಾ ಗೆದ್ದರು, ಅರ್ಜೆಂಟೀನಾದ ಸೊಲಾನಾ ಸಿಯೆರಾ ಸೋತರು. 2025ರ ವಿಂಬಲ್ಡನ್‌ನಲ್ಲಿ ಈ ಸಿಯೆರಾ ಅರ್ಹತಾ ಸುತ್ತಿನಲ್ಲಿ ಸೋತು, ಯಾರೋ ಹಿಂದೆ ಸರಿದದ್ದರಿಂದ ‘ಲಕ್ಕಿ ಲೂಸರ್’ ಆಗಿ ಒಳಗೆ ಬಂದು, ಮಹಿಳಾ ಸಿಂಗಲ್ಸ್ ನಾಲ್ಕನೇ ಸುತ್ತಿನವರೆಗೆ ಆಡಿದರು. 2022ರ ವಿಂಬಲ್ಡನ್ ಬಾಲಕಿಯರ ಡಬಲ್ಸ್ ಫೈನಲ್‌ನಲ್ಲಿ ಸೋತ ಕೆನಡಾ ಜೋಡಿಯಲ್ಲಿ ಒಬ್ಬಾಕೆ ವಿಕ್ಟೋರಿಯಾ ಎಂಬೊಕೊ. 2025ರ ಆಗಸ್ಟ್‌ನಲ್ಲಿ ಮಾಂಟ್ರಿಯಲ್‌ನಲ್ಲಿ ನವೊಮಿ ಒಸಾಕಾ ಅವರನ್ನು ಫೈನಲ್‌ನಲ್ಲಿ ಸೋಲಿಸಿ ಕೆನಡಿಯನ್ ಓಪನ್ ಗೆದ್ದವರು ಇವರೇ. ಇನ್ನು ಬೆಲ್ಜಿಯಂನ ಗಿಲ್ಸ್ ಅರ್ನಾಡ್ ಬೈಲಿ ಅದೇ ವರ್ಷ ಪ್ಯಾರಿಸ್‌ನಲ್ಲೂ ನ್ಯೂಯಾರ್ಕ್‌ನಲ್ಲೂ ಫೈನಲ್ ಸೋತರು. ಆದರೂ ವರ್ಷದ ಕೊನೆಗೆ ಬಾಲಕರ ವಿಶ್ವ ನಂಬರ್ 1 ಅವರೇ!

ಸೋತರೆ ಒಳ್ಳೆಯದು ಎಂಬ ಸಮಾಧಾನದ ಮಾತು ಹೇಳಲು ನಾನು ಹೊರಟಿಲ್ಲ. ಆ ವರ್ಷ ಗೆದ್ದೂ ಮುಂದೆ ಹೋದವರಿದ್ದಾರೆ, ಅವರ ಕಥೆ ಆಮೇಲೆ ಬರುತ್ತದೆ. ನನ್ನ ತಕರಾರು ಬೇರೆ. ನಮ್ಮಲ್ಲಿ ಜೂನಿಯರ್ ಕ್ರೀಡೆಯ ಸುದ್ದಿ ಎಂದರೆ ಕಪ್ ಹಿಡಿದ ಮಗುವಿನ ಫೋಟೊ, ಪಕ್ಕದಲ್ಲಿ ಶಾಸಕರು. ಪತ್ರಿಕೆಯೂ ಅದನ್ನೇ ಕೇಳುತ್ತದೆ, ಸಂಸ್ಥೆಗಳೂ ಅದನ್ನೇ ಕೊಡುತ್ತವೆ. ಹದಿನಾರು ವರ್ಷದವರ ಕಪ್ಪು ಆ ದಿನ ಯಾರು ಚೆನ್ನಾಗಿ ಆಡಿದರು ಎನ್ನುವುದನ್ನಷ್ಟೇ ಹೇಳುತ್ತದೆ. ಮುಂದಿನ ಮೂರ್ನಾಲ್ಕು ವರ್ಷ ಆ ಮಗು ಎಲ್ಲಿ ಆಡುತ್ತದೆ, ಯಾರ ದುಡ್ಡಿನಲ್ಲಿ ಆಡುತ್ತದೆ ಎಂಬುದನ್ನು ಬರೆಯುವವರು ಇಲ್ಲ. ಆಟಗಾರ ತಯಾರಾಗುವುದು ಅಲ್ಲಿ.

ಮೊದಲು ಈ ವರ್ಷದ ಲೆಕ್ಕ ಹೇಗೆ ನಡೆಯುತ್ತದೆ ಎಂದು ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಕಡೆಯ ಪೋಷಕರಿಗೆ ಇದನ್ನು ಯಾರೂ ಕೂರಿಸಿ ಹೇಳುವುದಿಲ್ಲ. ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್, ಅಂದರೆ ಐಟಿಎಫ್, 13ರಿಂದ 18 ವರ್ಷದವರಿಗೆ ಜಗತ್ತಿನಾದ್ಯಂತ ವರ್ಷವಿಡೀ ಟೂರ್ನಿ ನಡೆಸುತ್ತದೆ. 2022ರಲ್ಲಿ ಅವುಗಳಿಗೆ ದರ್ಜೆಯ ಹೆಸರಿತ್ತು, 5ನೇ ದರ್ಜೆ ಎಲ್ಲಕ್ಕಿಂತ ಕೆಳಗಿನದು. 2023ರಿಂದ ಜೆ30, ಜೆ60, ಜೆ100, ಜೆ200, ಜೆ300, ಜೆ500 ಎಂದು ಕರೆಯುತ್ತಾರೆ. ಹೆಸರಿನಲ್ಲಿರುವ ಸಂಖ್ಯೆಯೇ ಗೆದ್ದವರಿಗೆ ಸಿಗುವ ಅಂಕ. ಎಲ್ಲಕ್ಕಿಂತ ಮೇಲೆ ನಾಲ್ಕು ಜೂನಿಯರ್ ಗ್ರ್ಯಾನ್‌ಸ್ಲಾಂ, ಗೆದ್ದರೆ 1000. ರ್‍ಯಾಂಕಿಂಗ್‌ಗೆ ಲೆಕ್ಕ ಹಾಕುವುದು ಸಿಂಗಲ್ಸ್‌ನ ಆರು ಉತ್ತಮ ಫಲಿತಾಂಶ, ಜೊತೆಗೆ ಡಬಲ್ಸ್‌ನ ಆರು ಉತ್ತಮ ಫಲಿತಾಂಶದ ಕಾಲು ಭಾಗ. ಬಹುಮಾನದ ಹಣ ಎಂಬುದು ಇಲ್ಲವೇ ಇಲ್ಲ. ಚಿಕ್ಕ ಮಕ್ಕಳು ವರ್ಷಕ್ಕೆ ಇಷ್ಟೇ ಟೂರ್ನಿ ಆಡಬೇಕೆಂಬ ಮಿತಿಯೂ ಇದೆ. ಹದಿಮೂರಕ್ಕೇ ವೃತ್ತಿಪರ ಆಟಕ್ಕಿಳಿದ ಅಮೆರಿಕದ ಜೆನಿಫರ್ ಕ್ಯಾಪ್ರಿಯಾಟಿ ಹದಿಹರೆಯದಲ್ಲೇ ಬಸವಳಿದದ್ದನ್ನು ಕಂಡ ಮೇಲೆ ಮಹಿಳಾ ಟೆನಿಸ್‌ನಲ್ಲಿ ವಯಸ್ಸಿನ ಕಟ್ಟುಪಾಡು ಬಿಗಿಯಾಯಿತು. ಅದು ಒಳ್ಳೆಯದೇ.

ಈಗ ಆ ಆರರ ಲೆಕ್ಕ ಬಿಡಿಸಿ. ಕೆಳಗಿನ ದರ್ಜೆಯ ಆರು ಟೂರ್ನಿಗಳನ್ನು ಒಂದೂ ಸೋಲದೆ ಗೆದ್ದರೆ 180 ಅಂಕ. ಜೆ200 ಒಂದನ್ನು ಗೆದ್ದರೆ 200. ಅಂದರೆ ಆರು ಊರು ಸುತ್ತಿ ಆರು ಕಪ್ ತಂದವರು, ಬೇರೆಲ್ಲೋ ಒಂದೇ ಒಂದು ದೊಡ್ಡ ಟೂರ್ನಿ ಗೆದ್ದವರಿಗಿಂತ ಕೆಳಗೆ. ಭಾರತದಲ್ಲಿ ನಡೆಯುವ ಜೂನಿಯರ್ ಟೂರ್ನಿಗಳಲ್ಲಿ ಹೆಚ್ಚಿನವು ಕೆಳಹಂತದವು, ಮೇಲಿನವು ಬೆರಳೆಣಿಕೆ. ಹೀಗಾಗಿ ಒಂದು ಮಟ್ಟದ ನಂತರ ಮಗು ವಿಮಾನ ಹತ್ತಲೇಬೇಕು. ರ್‍ಯಾಂಕಿಂಗ್ ಪಟ್ಟಿಯಲ್ಲಿ ಆಟದ ಜೊತೆ ಪ್ರಯಾಣದ ತಾಕತ್ತೂ ಸೇರಿಕೊಂಡಿರುತ್ತದೆ. ಎರಡನ್ನೂ ಬೇರೆ ಮಾಡಿ ತೋರಿಸುವ ಕಾಲಂ ಅಲ್ಲಿಲ್ಲ.

ನಮ್ಮ ತಾಲ್ಲೂಕಿನಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡವರೊಬ್ಬರ ಮಗಳು ಟೆನಿಸ್ ಆಡುತ್ತಾಳೆ. ಸುದ್ದಿ ಕೊಡಲು ಬಂದಿದ್ದರು. ಮಾತಿಗೆ ಮಾತು ಬಂದು ಈ ಲೆಕ್ಕ ಹೇಳಿದೆ.

“ಹಂಗಾದ್ರ ಇಲ್ಲೇ ಆರು ಗೆದ್ರೂ ಉಪಯೋಗಿಲ್ಲೇನ್ರಿ ಸರ?” ಅಂದರು.

“ಉಪಯೋಗ ಐತ್ರಿ ಅಣ್ಣಾರ. ಆದ್ರ ಅಲ್ಲಿಗೇ ನಿಂದರ್ತದ.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮುಂಗಾರು ಮುಗೀಲಿ, ನೋಡೂಣು” ಅಂದರು. ಅಂಗಡಿಯ ಉದ್ರಿ ವಸೂಲಾಗುವುದು ಸುಗ್ಗಿಯ ಮೇಲೆ, ಟೂರ್ನಿಯ ಕ್ಯಾಲೆಂಡರ್ ಅದಕ್ಕೆ ಕಾಯುವುದಿಲ್ಲ.

ಕೆಳಹಂತದ ಒಂದು ವಾರ ಹೇಗಿರುತ್ತದೆ ಎಂದರೆ: ಶನಿವಾರ, ಭಾನುವಾರ ಅರ್ಹತಾ ಸುತ್ತು, ಸೋಮವಾರದಿಂದ ಮುಖ್ಯ ಸುತ್ತು. ರೈಲು, ಲಾಡ್ಜು, ಊಟ, ರಾಕೆಟ್‌ಗೆ ಗಟ್ಟಿಂಗ್, ಜೊತೆಗೆ ಬರುವ ಅಪ್ಪನದೋ ಅಮ್ಮನದೋ ಖರ್ಚು, ಎಲ್ಲ ಸ್ವಂತದ್ದು. ಕೋಚ್‌ರನ್ನೂ ಕರೆದೊಯ್ದರೆ ಅವರದೂ ಸೇರಿತು. ಮಂಗಳವಾರ ಮಧ್ಯಾಹ್ನ ಮೊದಲ ಸುತ್ತಿನಲ್ಲೇ ಸೋತರೆ ಸೊನ್ನೆ ಅಂಕ, ಗೆದ್ದು ಎರಡನೆಯದರಲ್ಲಿ ಸೋತರೆ 2. ಮುಂದಿನ ವಾರ ಇನ್ನೊಂದು ಊರು. ಶಾಲೆಯ ಹಾಜರಿ ಪುಸ್ತಕದಲ್ಲಿ ಗೈರು.

2022ರಲ್ಲಿ ಈ ಏಣಿಯನ್ನು ಹತ್ತಿದವರಲ್ಲಿ ನನಗೆ ಬಹಳ ಮುಖ್ಯ ಎನಿಸುವವರು ಕೆನ್ಯಾದ ಏಂಜೆಲಾ ಒಕುಟೊಯಿ. ಹುಟ್ಟಿನೊಂದಿಗೇ ತಾಯಿಯನ್ನು ಕಳೆದುಕೊಂಡ ಅವಳಿ ಮಕ್ಕಳಲ್ಲಿ ಒಬ್ಬರು. ಸಾಕಿದ್ದು ಅಜ್ಜಿ. ಅಜ್ಜಿ ನೈರೋಬಿಯ ಒಂದು ಶಾಲೆಯಲ್ಲಿ ಸ್ವಚ್ಛತಾ ಕೆಲಸದವರು. ಆ ಶಾಲೆಯ ಆವರಣದ ಅಂಕಣದಲ್ಲೇ ಇಬ್ಬರೂ ಮೊಮ್ಮಕ್ಕಳು ರಾಕೆಟ್ ಹಿಡಿದದ್ದು. ಇಂಥ ಕಥೆ ಸಿಕ್ಕರೆ ನಮ್ಮ ಪತ್ರಿಕೆಗಳು ‘ಕಡುಬಡತನದಲ್ಲಿ ಅರಳಿದ ಪ್ರತಿಭೆ’ ಎಂದು ತಲೆಬರಹ ಕೊಟ್ಟು ಮುಗಿಸಿಬಿಡುತ್ತವೆ. ಬಡತನದಲ್ಲಿ ಯಾವುದೂ ತಾನಾಗಿ ಅರಳುವುದಿಲ್ಲ, ಯಾರೋ ನೀರು ಹಾಕಿರುತ್ತಾರೆ. ಯಾರು ಹಾಕಿದರು ಎನ್ನುವುದೇ ಸುದ್ದಿ.

ಒಕುಟೊಯಿ ವಿಷಯದಲ್ಲಿ ಅದಕ್ಕೆ ಉತ್ತರ ಸ್ಪಷ್ಟವಾಗಿದೆ. ಆಟ ಚೆನ್ನಾಗಿರುವ ಮಕ್ಕಳನ್ನು ಒಂದೆಡೆ ಸೇರಿಸಿ, ವಸತಿ, ಶಾಲೆ, ತರಬೇತಿ ಎಲ್ಲ ಕೊಡುವ ಕೇಂದ್ರಗಳನ್ನು ಐಟಿಎಫ್ ಮತ್ತು ಆಫ್ರಿಕಾದ ಟೆನಿಸ್ ಒಕ್ಕೂಟ ನಡೆಸುತ್ತಿದ್ದವು. ಪೂರ್ವ ಆಫ್ರಿಕಾದ ಕೇಂದ್ರ ಬುರುಂಡಿಯಲ್ಲಿತ್ತು. ಒಕುಟೊಯಿ ಚಿಕ್ಕ ವಯಸ್ಸಿನಲ್ಲೇ ಅಲ್ಲಿಗೆ ಹೋದರು, ಮುಂದೆ ಮೊರಾಕ್ಕೊದ ಕೇಂದ್ರಕ್ಕೆ. ಇದರ ಮೇಲೆ ಇನ್ನೊಂದು ವ್ಯವಸ್ಥೆ ಇದೆ. ನಾಲ್ಕು ಗ್ರ್ಯಾನ್‌ಸ್ಲಾಂಗಳು ತಮ್ಮ ಆದಾಯದಿಂದ ಒಂದು ಪಾಲು ತೆಗೆದು, ಟೆನಿಸ್ ಬೆಳೆಯದ ದೇಶಗಳ ಆಟಗಾರರಿಗೆ ನೆರವು ಕೊಡುತ್ತವೆ. ಆ ಹಣದಲ್ಲಿ ಐಟಿಎಫ್ ‘ಟೂರಿಂಗ್ ಟೀಮ್’ ಕಟ್ಟಿ, ಬೇರೆ ಬೇರೆ ದೇಶದ ನಾಲ್ಕಾರು ಮಕ್ಕಳನ್ನು ಒಬ್ಬ ಕೋಚ್ ಜೊತೆ ವಾರಗಟ್ಟಲೆ ಟೂರ್ನಿಯಿಂದ ಟೂರ್ನಿಗೆ ಕರೆದೊಯ್ಯುತ್ತದೆ. ಟ್ಯುನೀಷ್ಯಾದ ಆನ್ಸ್ ಜಬೇರ್ ಕೂಡ ಇಂಥ ನೆರವು ಪಡೆದವರೇ. 2011ರಲ್ಲಿ ಜೂನಿಯರ್ ಫ್ರೆಂಚ್ ಓಪನ್ ಗೆದ್ದು, 2022ರಲ್ಲಿ ವಿಂಬಲ್ಡನ್ ಮಹಿಳಾ ಫೈನಲ್ ತನಕ ಬಂದವರು.

ಜನವರಿಯಲ್ಲಿ ಮೆಲ್ಬರ್ನ್‌ನಲ್ಲಿ ಒಕುಟೊಯಿ ಇಟಲಿಯ ಆಟಗಾರ್ತಿಯನ್ನು ಸೋಲಿಸಿ, ಜೂನಿಯರ್ ಗ್ರ್ಯಾನ್‌ಸ್ಲಾಂನಲ್ಲಿ ಪಂದ್ಯ ಗೆದ್ದ ಕೆನ್ಯಾದ ಮೊದಲ ಹುಡುಗಿಯಾದರು. ಇನ್ನೊಂದು ಪಂದ್ಯವನ್ನೂ ಗೆದ್ದು ಮೂರನೇ ಸುತ್ತಿಗೆ ಹೋದರು. ಜುಲೈನಲ್ಲಿ ವಿಂಬಲ್ಡನ್. ಬಾಲಕಿಯರ ಡಬಲ್ಸ್‌ನಲ್ಲಿ ನೆದರ್ಲೆಂಡ್ಸ್‌ನ ರೋಸ್ ಮರೀ ನೈಕಾಂಪ್ ಜೊತೆಗಾರ್ತಿ. ಫೈನಲ್‌ನಲ್ಲಿ ಕೆನಡಾದ ಕೇಲಾ ಕ್ರಾಸ್ ಮತ್ತು ಎಂಬೊಕೊ ವಿರುದ್ಧ 3-6, 6-4, ಕೊನೆಗೆ 11-9. ಕೆನ್ಯಾಕ್ಕೆ ಮೊದಲ ಜೂನಿಯರ್ ಗ್ರ್ಯಾನ್‌ಸ್ಲಾಂ ಪ್ರಶಸ್ತಿ.

ಇಲ್ಲೊಂದು ವಿಚಿತ್ರ ನಡೆಯಿತು. ಉಕ್ರೇನ್ ಯುದ್ಧದ ಕಾರಣ ಆ ವರ್ಷ ವಿಂಬಲ್ಡನ್ ರಷ್ಯಾ, ಬೆಲಾರೂಸ್ ಆಟಗಾರರಿಗೆ ಬಾಗಿಲು ಹಾಕಿತ್ತು. ಅದಕ್ಕೆ ಪ್ರತಿಯಾಗಿ ಪುರುಷರ, ಮಹಿಳೆಯರ ಸಂಘಟನೆಗಳು ಅಲ್ಲಿನ ರ್‍ಯಾಂಕಿಂಗ್ ಅಂಕಗಳನ್ನು ತೆಗೆದುಹಾಕಿದವು. ಐಟಿಎಫ್ ಕೂಡ ಜೂನಿಯರ್ ಮತ್ತು ಗಾಲಿಕುರ್ಚಿ ವಿಭಾಗದ ಅಂಕಗಳನ್ನು ಕಿತ್ತುಹಾಕಿತು. ಅಂದರೆ ಒಕುಟೊಯಿ ಗೆದ್ದ ಕಪ್‌ಗೆ ರ್‍ಯಾಂಕಿಂಗ್ ಪಟ್ಟಿಯಲ್ಲಿ ಬೆಲೆ ಸೊನ್ನೆ. ಹದಿನೆಂಟರ ಹುಡುಗಿಗೆ ಯುದ್ಧದಲ್ಲೂ ಪಾತ್ರವಿಲ್ಲ, ನಿಷೇಧದಲ್ಲೂ ಇಲ್ಲ, ಅಂಕ ತೆಗೆದ ತೀರ್ಮಾನದಲ್ಲೂ ಇಲ್ಲ. ಮೇಲೆ ದೊಡ್ಡವರು ಜಗಳವಾಡಿದರೆ ಕೆಳಗೆ ಯಾರ ತಟ್ಟೆ ಖಾಲಿಯಾಗುತ್ತದೆ ಎಂಬುದು ನಮ್ಮ ಹಳ್ಳಿಗಳಿಗೆ ಹೊಸತಲ್ಲ. ಕ್ರೀಡೆಯೂ ಹಾಗೇ.

ಮುಂದೆ ಒಕುಟೊಯಿ ಅಮೆರಿಕದ ಅಬರ್ನ್ ವಿಶ್ವವಿದ್ಯಾಲಯದ ತಂಡ ಸೇರಿದರು. 2024ರ ಮಾರ್ಚ್‌ನಲ್ಲಿ ಘಾನಾದ ಅಕ್ರಾದಲ್ಲಿ ನಡೆದ ಆಫ್ರಿಕನ್ ಕ್ರೀಡಾಕೂಟದ ಸಿಂಗಲ್ಸ್ ಚಿನ್ನ ಗೆದ್ದರು. ಎಂಬೊಕೊ ಅವರಷ್ಟು ಎತ್ತರಕ್ಕೆ ಇನ್ನೂ ಹೋಗಿಲ್ಲದಿರಬಹುದು. ಆದರೆ ನೈರೋಬಿಯ ಆ ಶಾಲೆಯಿಂದ ಅಷ್ಟು ದೂರ ಹೋಗಲು ಒಂದರ ನಂತರ ಒಂದು ಮೆಟ್ಟಿಲನ್ನು ಯಾರೋ ಇಟ್ಟಿದ್ದರು. ಯಾವ ಮೆಟ್ಟಿಲಿಗೂ ಅಜ್ಜಿ ಮನೆ ಅಡವಿಡಬೇಕಾಗಲಿಲ್ಲ.

ಗೆದ್ದೂ ಮುಂದೆ ಹೋದವರ ಕಥೆ ಹೇಳುತ್ತೇನೆ ಎಂದಿದ್ದೆ. ಫಿಲಿಪ್ಪೀನ್ಸ್‌ನ ಅಲೆಕ್ಸಾಂಡ್ರಾ ಈಲಾ. 2022ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಹಾವ್ಲಿಚ್ಕೊವಾ ಅವರನ್ನು 6-2, 6-4ರಿಂದ ಸೋಲಿಸಿ ಅಮೆರಿಕ ಓಪನ್ ಬಾಲಕಿಯರ ಪ್ರಶಸ್ತಿ ಪಡೆದರು. ಅವರ ದೇಶಕ್ಕೆ ಅದು ಮೊದಲ ಜೂನಿಯರ್ ಗ್ರ್ಯಾನ್‌ಸ್ಲಾಂ ಸಿಂಗಲ್ಸ್. ಬಹುಮಾನದ ಮಾತಿನಲ್ಲಿ ತಮ್ಮ ದೇಶದವರಿಗಾಗಿ ಟಗಾಲೊಗ್ ಭಾಷೆಯಲ್ಲೇ ನಾಲ್ಕು ಮಾತಾಡಿದರು. 2018ರಲ್ಲಿ ಹನ್ನೆರಡನೇ ವಯಸ್ಸಿಗೆ ಫ್ರಾನ್ಸ್‌ನ ‘ಲೆ ಪತೀಜಾಸ್’ ಎಂಬ 14ರೊಳಗಿನವರ ಹೆಸರಾಂತ ಟೂರ್ನಿ ಗೆದ್ದಿದ್ದರು. ಆಮೇಲೆ ಸ್ಪೇನ್‌ನ ಮಯೋರ್ಕಾದಲ್ಲಿರುವ ನಡಾಲ್ ಅಕಾಡೆಮಿಯಲ್ಲಿ ವಿದ್ಯಾರ್ಥಿವೇತನ. ಹದಿಮೂರರಿಂದ ಐದು ವರ್ಷ ಅಲ್ಲೇ ಓದು, ಅಲ್ಲೇ ಆಟ. 2025ರ ಮಿಯಾಮಿಯಲ್ಲಿ, ಅಂದರೆ ಮೆನ್ಶಿಕ್ ಗೆದ್ದ ಅದೇ ವಾರದಲ್ಲಿ, ವೈಲ್ಡ್ ಕಾರ್ಡ್ ಪಡೆದು ಆಡಿದ ಈಲಾ ಒಸ್ಟಾಪೆಂಕೊ, ಮ್ಯಾಡಿಸನ್ ಕೀಸ್, ಇಗಾ ಶ್ವಾಂಟೆಕ್ ಮೂವರನ್ನೂ ಸೋಲಿಸಿ ಸೆಮಿಫೈನಲ್ ತಲುಪಿದರು. ಮೂವರೂ ಗ್ರ್ಯಾನ್‌ಸ್ಲಾಂ ಗೆದ್ದವರು!

ಈಲಾ ಕಥೆಯನ್ನು ಹೇಳಿ ಪೋಷಕರಿಗೆ ಆಸೆ ಹುಟ್ಟಿಸುವ ಖಾಸಗಿ ಅಕಾಡೆಮಿಗಳು ಬೆಂಗಳೂರಿನಲ್ಲಿ ಸಾಕಷ್ಟಿವೆ. ವಿದ್ಯಾರ್ಥಿವೇತನದ ಭಾಗವನ್ನು ಮಾತ್ರ ಸಣ್ಣ ದನಿಯಲ್ಲಿ ಹೇಳುತ್ತವೆ.

ಮತ್ತೆ ಮೆನ್ಶಿಕ್‌ಗೆ ಬರೋಣ. ಅವರ ಊರು ಪ್ರೊಸ್ಟೆಯೊವ್. ಜನಸಂಖ್ಯೆ ಐವತ್ತು ಸಾವಿರವೂ ಇಲ್ಲ, ನಮ್ಮ ಎಷ್ಟೋ ತಾಲ್ಲೂಕು ಕೇಂದ್ರಗಳಿಗಿಂತ ಚಿಕ್ಕದು. ಆದರೆ ಅಲ್ಲೊಂದು ಟೆನಿಸ್ ಕ್ಲಬ್ ಇದೆ. ಎರಡು ಬಾರಿ ವಿಂಬಲ್ಡನ್ ಗೆದ್ದ ಪೆಟ್ರಾ ಕ್ವಿಟೊವಾ ಫುಲ್ನೆಕ್ ಎಂಬ ಇನ್ನೂ ಚಿಕ್ಕ ಊರಿನಿಂದ ಬಂದು ತಯಾರಾದದ್ದು ಅಲ್ಲೇ. 14 ವರ್ಷದೊಳಗಿನವರ ವಿಶ್ವ ತಂಡ ಚಾಂಪಿಯನ್‌ಷಿಪ್ ಪ್ರತಿ ಬೇಸಿಗೆಯಲ್ಲಿ ಅಲ್ಲೇ ನಡೆಯುತ್ತದೆ. ಅಂದರೆ ಆ ಊರಿನ ಹತ್ತು ವರ್ಷದ ಮಗು ತನ್ನ ಸೈಕಲ್ ಮೇಲೆ ಹೋಗಿ, ಜಗತ್ತಿನ ಅತ್ಯುತ್ತಮ ಹದಿನಾಲ್ಕರ ಮಕ್ಕಳು ಹೇಗೆ ಆಡುತ್ತಾರೆಂದು ಬೇಲಿಯಾಚೆ ನಿಂತು ನೋಡಬಹುದು. ಈ ಬೇಲಿಯಾಚೆ ನಿಂತು ನೋಡುವುದಕ್ಕೆ ನಾನು ಬಹಳ ಬೆಲೆ ಕೊಡುತ್ತೇನೆ. ಕಬಡ್ಡಿ ನಮ್ಮ ಹಳ್ಳಿಗಳಲ್ಲಿ ಬೆಳೆದದ್ದು ಹಾಗೆಯೇ. ಜಾತ್ರೆಯ ರಾತ್ರಿ ಹೊನಲು ಬೆಳಕಿನಲ್ಲಿ ದೊಡ್ಡವರ ಪಂದ್ಯ ನೋಡಿದ ಹುಡುಗರು ಬೆಳಗ್ಗೆ ಎದ್ದು ಅದೇ ಅಂಕಣದಲ್ಲಿ ಕಾಲೆಳೆಯುತ್ತಿದ್ದರು.

ಇಟಲಿಯದು ಇನ್ನೊಂದು ದಾರಿ. ಯಾನಿಕ್ ಸಿನ್ನರ್ ಆಲ್ಪ್ಸ್ ಬೆಟ್ಟದ ಸಣ್ಣ ಊರಿನ ಹುಡುಗ. ಅಪ್ಪ ಸ್ಕೀ ತಾಣದ ರೆಸ್ಟೋರೆಂಟಿನಲ್ಲಿ ಅಡುಗೆಯವರು, ಅಮ್ಮ ಅಲ್ಲೇ ಊಟ ಬಡಿಸುವವರು. ಜೂನಿಯರ್ ಟೂರ್ನಿಗಳನ್ನು ಸಿನ್ನರ್ ಆಡಿದ್ದೇ ಕಡಿಮೆ. ಜೂನಿಯರ್‌ನಲ್ಲಿ ಅವರ ಅತ್ಯುತ್ತಮ ರ್‍ಯಾಂಕ್ 133. ನಮ್ಮಲ್ಲಾಗಿದ್ದರೆ ಆ ರ್‍ಯಾಂಕಿನ ಹುಡುಗನನ್ನು ಯಾವ ಆಯ್ಕೆ ಸಮಿತಿಯೂ ತಿರುಗಿ ನೋಡುತ್ತಿರಲಿಲ್ಲ. ಅವರು ನೇರವಾಗಿ ಕೆಳಹಂತದ ವೃತ್ತಿಪರ ಟೂರ್ನಿಗಳಿಗೆ ಇಳಿದರು. ಅದು ಸಾಧ್ಯವಾದದ್ದು ಅಂಥ ಟೂರ್ನಿಗಳು ಇಟಲಿಯಲ್ಲೇ ಊರೂರಿಗೂ ಇದ್ದದ್ದರಿಂದ. ರೈಲು ಹತ್ತಿ ಹೋಗಿ ಸೋತು ರಾತ್ರಿ ವಾಪಸ್ ಬರಬಹುದು. 2023, 2024, 2025, ಸತತ ಮೂರು ವರ್ಷ ಡೇವಿಸ್ ಕಪ್ ಇಟಲಿಗೇ ಹೋಯಿತು, ಮೂರನೆಯದು ಸಿನ್ನರ್ ಆಡದೆಯೂ ಹೋಯಿತು.

ಭಾರತದ ಪಟ್ಟಿ ಉದ್ದವೇನಿಲ್ಲ. ರಾಮನಾಥನ್ ಕೃಷ್ಣನ್ 1954ರಲ್ಲಿ ಜೂನಿಯರ್ ವಿಂಬಲ್ಡನ್, ಮಗ ರಮೇಶ್ 1979ರಲ್ಲಿ ವಿಂಬಲ್ಡನ್ ಮತ್ತು ಫ್ರೆಂಚ್ ಎರಡೂ, ಲಿಯಾಂಡರ್ ಪೇಸ್ 1990ರಲ್ಲಿ ವಿಂಬಲ್ಡನ್, ಮರುವರ್ಷ ಅಮೆರಿಕ ಓಪನ್, ಯೂಕಿ ಭಾಂಬ್ರಿ 2009ರಲ್ಲಿ ಆಸ್ಟ್ರೇಲಿಯನ್ ಓಪನ್. ಡಬಲ್ಸ್‌ನಲ್ಲಿ ಸಾನಿಯಾ 2003ರಲ್ಲಿ, ಸುಮಿತ್ ನಗಾಲ್ 2015ರಲ್ಲಿ. 2021ರ ಜುಲೈನಲ್ಲಿ ಸಮೀರ್ ಬ್ಯಾನರ್ಜಿ ಜೂನಿಯರ್ ವಿಂಬಲ್ಡನ್ ಗೆದ್ದಾಗ ನಮ್ಮ ಪತ್ರಿಕೆಗಳು ‘ಭಾರತೀಯ ಮೂಲದ’ ಎಂದು ಹಬ್ಬ ಮಾಡಿದವು. ಹುಡುಗ ಹುಟ್ಟಿ ಬೆಳೆದು ಆಟ ಕಲಿತದ್ದು ಅಮೆರಿಕದಲ್ಲಿ. ಪಕ್ಕದ ಹೊಲದ ಜೋಳ ನೋಡಿ ನಮ್ಮ ಸುಗ್ಗಿ ಎಂದಂತಾಯಿತು.

ಈ ಪಟ್ಟಿಯಲ್ಲಿ ನಗಾಲ್ ಮೇಲೆ ಸ್ವಲ್ಪ ನಿಲ್ಲಬೇಕು. ಹರಿಯಾಣದ ಝಜ್ಜರ್ ಜಿಲ್ಲೆಯ ಹಳ್ಳಿಯ ಹುಡುಗ. ಮಹೇಶ್ ಭೂಪತಿ ‘ಮಿಷನ್ 2018’ ಎಂಬ ಹೆಸರಿನಲ್ಲಿ ದೇಶದ ಪುಟ್ಟ ಮಕ್ಕಳನ್ನು ಆರಿಸಿ ತರಬೇತಿ ಕೊಡಿಸುವ ಯೋಜನೆ ಆರಂಭಿಸಿದಾಗ ಅದರಲ್ಲಿ ಆಯ್ಕೆಯಾಗಿ ಬೆಂಗಳೂರಿಗೆ ಬಂದವರು. 2018ರ ಹೊತ್ತಿಗೆ ಭಾರತದಿಂದ ಸಿಂಗಲ್ಸ್ ಗ್ರ್ಯಾನ್‌ಸ್ಲಾಂ ಚಾಂಪಿಯನ್ ತಯಾರಿಸುವುದು ಗುರಿಯಾಗಿತ್ತು. ಯೋಜನೆ ಅಷ್ಟು ದೂರ ನಡೆಯಲೇ ಇಲ್ಲ. ನಗಾಲ್ ಕೆನಡಾ, ಜರ್ಮನಿ ಎಂದು ಸುತ್ತಿದರು. ವಿಂಬಲ್ಡನ್ ಜೂನಿಯರ್ ಕಪ್ ಗೆದ್ದು ಎಂಟು ವರ್ಷದ ಮೇಲೆ, 2023ರ ಸೆಪ್ಟೆಂಬರ್‌ನಲ್ಲಿ, ದೇಶದ ನಂಬರ್ 1 ಸಿಂಗಲ್ಸ್ ಆಟಗಾರನಾಗಿದ್ದ ಅವರು ತಮ್ಮ ಬ್ಯಾಂಕ್ ಖಾತೆಯಲ್ಲಿ 900 ಯೂರೊ ಇದೆ ಎಂದು ಸುದ್ದಿಸಂಸ್ಥೆಗೆ ಹೇಳಿದರು. ನಾಲ್ಕು ತಿಂಗಳ ನಂತರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಶ್ರೇಯಾಂಕಿತ ಬುಬ್ಲಿಕ್ ಅವರನ್ನು ಸೋಲಿಸಿದರು. ಗ್ರ್ಯಾನ್‌ಸ್ಲಾಂ ಸಿಂಗಲ್ಸ್‌ನಲ್ಲಿ ಭಾರತೀಯರೊಬ್ಬರು ಶ್ರೇಯಾಂಕಿತರನ್ನು ಸೋಲಿಸಿದ್ದು 1989ರ ನಂತರ ಅದೇ ಮೊದಲು. ಆಟ ಇತ್ತು, ಮೆಟ್ಟಿಲು ಇರಲಿಲ್ಲ ಎನ್ನಲು ಇದಕ್ಕಿಂತ ಬೇರೆ ಪುರಾವೆ ನನಗೆ ಬೇಡ.

ಈಗಿನ ಮಕ್ಕಳೂ ಅದೇ ದಾರಿ ಹಿಡಿದಿದ್ದಾರೆ. ಪುಣೆಯ ಮಾನಸ್ ಧಾಮ್ನೆ ಇಟಲಿಗೆ ಹೋಗಿ ಕಲಿತರು. ಕೊಯಮತ್ತೂರಿನ ಮಾಯಾ ರಾಜೇಶ್ವರನ್ 2025ರ ಫೆಬ್ರುವರಿಯಲ್ಲಿ, ಹದಿನೈದನೇ ವಯಸ್ಸಿಗೇ, ಮುಂಬೈ ಓಪನ್ ಮಹಿಳಾ ಟೂರ್ನಿಯಲ್ಲಿ ಅರ್ಹತಾ ಸುತ್ತಿನಿಂದ ಬಂದು ಸೆಮಿಫೈನಲ್ ಆಡಿದರು. ಅವರೂ ಮಯೋರ್ಕಾದ ನಡಾಲ್ ಅಕಾಡೆಮಿಯ ದಾರಿ ಹಿಡಿದರು. ಹೋದವರನ್ನು ದೂರುವುದು ಸರಿಯಲ್ಲ. ಹೋಗಲಾರದವರು ಏನು ಮಾಡಬೇಕು ಎನ್ನುವುದಕ್ಕೆ ಮಾತ್ರ ನಮ್ಮ ಬಳಿ ಉತ್ತರವಿಲ್ಲ.

ಕರ್ನಾಟಕದ ಹೆಮ್ಮೆ ರೋಹನ್ ಬೋಪಣ್ಣ. ಕೊಡಗಿನ ಕಾಫಿ ಬೆಳೆಗಾರರ ಮಗ. ಜೂನಿಯರ್ ಗ್ರ್ಯಾನ್‌ಸ್ಲಾಂ ಕಪ್ ಒಂದೂ ಅವರ ಬಳಿ ಇಲ್ಲ. 2024ರ ಜನವರಿಯಲ್ಲಿ 43ನೇ ವಯಸ್ಸಿಗೆ ಮ್ಯಾಥ್ಯೂ ಎಬ್ಡನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ವಿಶ್ವ ನಂಬರ್ 1 ಆದರು. ಹದಿನಾರಕ್ಕೇ ತೀರ್ಪು ಬರೆದುಬಿಡುವವರು ಇದನ್ನು ಗೋಡೆಗೆ ಅಂಟಿಸಿಕೊಳ್ಳಲಿ.

ನಮ್ಮ ರಾಜ್ಯದಲ್ಲಿ ಏನೂ ಆಗಿಲ್ಲ ಎಂದರೆ ಸುಳ್ಳಾಗುತ್ತದೆ. ಕಲಬುರಗಿ, ಧಾರವಾಡ, ಮಂಡ್ಯದಲ್ಲಿ ಐಟಿಎಫ್ ಪುರುಷರ ಟೂರ್ನಿಗಳು ನಡೆದಿವೆ. ಹೊರದೇಶದ ಆಟಗಾರರು ಬಂದು ನಮ್ಮ ಜೋಳದ ರೊಟ್ಟಿಯ ಊರುಗಳಲ್ಲಿ ವಾರಗಟ್ಟಲೆ ಇದ್ದು ಆಡಿದ್ದಾರೆ. ಇಂಥ ಟೂರ್ನಿಗಳಲ್ಲಿ ಚೆಂಡು ಹೆಕ್ಕಿಕೊಡುವುದು ಆಯಾ ಊರಿನ ಮಕ್ಕಳೇ. ಇದು ನಾನು ಹೇಳುವ ಬೇಲಿಯಾಚೆಯ ಶಾಲೆ, ಅಲ್ಲ, ಬೇಲಿಯ ಒಳಗಿನದೇ. ತೊಂದರೆ ಎಂದರೆ ಆ ವಾರ ಮುಗಿದ ಮೇಲೆ ಉಳಿದ ಐವತ್ತೊಂದು ವಾರ. ಟೂರ್ನಿಗೆ ಬಣ್ಣ ಬಳಿದ ಅಂಕಣ ಮಳೆಗೆ ಪಾಚಿಗಟ್ಟುತ್ತದೆ. ನಮ್ಮ ಕಡೆಯ ಒಂದು ಕ್ರೀಡಾಂಗಣದ ಟೆನಿಸ್ ಅಂಕಣದಲ್ಲಿ ಈ ಬೇಸಿಗೆಯಲ್ಲಿ ಮದುವೆಯ ಶಾಮಿಯಾನದ ಕಂಬಗಳನ್ನು ಒಣಹಾಕಿದ್ದನ್ನು ನೋಡಿದ್ದೇನೆ. ನೆಟ್ ಕಟ್ಟುವ ಕಂಬಕ್ಕೆ ಎಮ್ಮೆ ಕಟ್ಟಿರಲಿಲ್ಲ, ಅಷ್ಟು ಪುಣ್ಯ.

ಟೆನಿಸ್ ಶ್ರೀಮಂತರ ಆಟ, ಜಿಲ್ಲೆಯ ದುಡ್ಡನ್ನು ಕೊಕ್ಕೊ, ಕಬಡ್ಡಿ, ಕುಸ್ತಿಗೆ ಹಾಕಿ ಎನ್ನುವವರಿದ್ದಾರೆ. ನನ್ನ ಗೆಳೆಯರಲ್ಲೇ ಇದ್ದಾರೆ, ಈ ಬ್ಲಾಗಿನಲ್ಲೂ ಬರೆಯುತ್ತಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಒಂದು ಮಗುವನ್ನು ಮೆಲ್ಬರ್ನ್ ತನಕ ಕಳಿಸುವ ದುಡ್ಡಿನಲ್ಲಿ ಹತ್ತು ಗರಡಿಮನೆ ರಿಪೇರಿ ಮಾಡಬಹುದು. ನಾನು ಕೇಳುತ್ತಿರುವುದು ಮೆಲ್ಬರ್ನ್ ಟಿಕೆಟ್ ಅಲ್ಲ. ಅಂಕಣ ಈಗಾಗಲೇ ಇದೆ, ಸಾರ್ವಜನಿಕರ ಹಣದಲ್ಲೇ ಕಟ್ಟಿದ್ದಾರೆ. ಅದರ ಬೀಗ ಬೆಳಗ್ಗೆ ಐದೂವರೆಗೆ ತೆಗೆಯಲಿ. ಸಂಬಳ ತಿಂಗಳು ತಿಂಗಳು ಬರುವ ಒಬ್ಬ ಕೋಚ್ ಇರಲಿ. ಅಧಿಕಾರಿಗಳ ಸಂಜೆಯ ಆಟ ಮುಗಿಯುವ ತನಕ ಮಕ್ಕಳು ಹೊರಗೆ ಕಾಯುವುದು ತಪ್ಪಲಿ. ಪುರುಷರ ಟೂರ್ನಿ ನಡೆಸುವಷ್ಟು ಸೌಕರ್ಯ ಇರುವ ಊರುಗಳಲ್ಲಿ ವರ್ಷಕ್ಕೆ ಎರಡು ಜೂನಿಯರ್ ಟೂರ್ನಿಯೂ ನಡೆಯಲಿ, ಬೆನ್ನುಬೆನ್ನಿಗೆ ಎರಡು ವಾರ, ಹತ್ತಿರದ ಎರಡು ಊರಿನಲ್ಲಿ. ಬೀಜ-ಗೊಬ್ಬರದ ಅಂಗಡಿಯವರು ಸಾರಿಗೆ ಬಸ್ಸಿನಲ್ಲಿ ಮಗಳನ್ನು ಕರೆದುಕೊಂಡು ಹೋಗಿ ಬರುವ ದೂರದಲ್ಲಿ. ಆರು ಟೂರ್ನಿಯಲ್ಲಿ ಎರಡು ಮನೆಯ ಹತ್ತಿರ ಸಿಕ್ಕರೆ ಉಳಿದ ನಾಲ್ಕಕ್ಕೆ ದುಡ್ಡು ಹೊಂಚಬಹುದು.

ಪೋಷಕರಿಗೂ ಒಂದು ಮಾತು. ಮಗುವನ್ನು ಎಂಟನೇ ತರಗತಿಗೇ ಶಾಲೆ ಬಿಡಿಸಿ ‘ಓಪನ್ ಸ್ಕೂಲಿಂಗ್’ ಎನ್ನುವ ಅವಸರ ಬೇಡ. 2022ರ ಫ್ರೆಂಚ್ ಓಪನ್ ಬಾಲಕರ ಚಾಂಪಿಯನ್ ಗೇಬ್ರಿಯಲ್ ಡೆಬ್ರು ಮುಂದೆ ಅಮೆರಿಕದ ಕಾಲೇಜು ಟೆನಿಸ್ ಸೇರಿದರು. ಸಮೀರ್ ಬ್ಯಾನರ್ಜಿ ಸ್ಟ್ಯಾನ್‌ಫರ್ಡ್‌ನಲ್ಲಿ ಆಡಿದರು, ಒಕುಟೊಯಿ ಅಬರ್ನ್‌ನಲ್ಲಿ. ವಿದ್ಯಾರ್ಥಿವೇತನದ ಮೇಲೆ ಓದುತ್ತ ಆಡುವ ಆ ದಾರಿಗೆ ಜೂನಿಯರ್ ರ್‍ಯಾಂಕ್ ಎಷ್ಟು ಮುಖ್ಯವೋ ಅಂಕಪಟ್ಟಿಯೂ ಅಷ್ಟೇ ಮುಖ್ಯ. ಗ್ರ್ಯಾನ್‌ಸ್ಲಾಂ ಚಾಂಪಿಯನ್‌ಗಳೇ ಆ ಬಾಗಿಲು ತೆರೆದಿಟ್ಟುಕೊಂಡಿರುವಾಗ ನಾವು ಮುಚ್ಚಿಕೊಳ್ಳುವುದು ಯಾವ ಜಾಣತನ?

ಕೊನೆಗೆ ಕೆಲಸದ ಮಾತು. ನಿಮ್ಮ ಜಿಲ್ಲಾ ಕ್ರೀಡಾಂಗಣದಲ್ಲಿ ಟೆನಿಸ್ ಅಂಕಣ ಇದ್ದರೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ನಮೂನೆ ‘ಎ’, ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು, ಇಲ್ಲದಿದ್ದರೆ ಅದೇ ನೆಪದಲ್ಲಿ ವಾಪಸ್ ಕಳಿಸುತ್ತಾರೆ. ಕಳೆದ ಮೂರು ವರ್ಷದಲ್ಲಿ ಆ ಅಂಕಣದ ನಿರ್ವಹಣೆಗೆ ಖರ್ಚಾದ ಹಣದ ಬಿಲ್ಲುಗಳ ಪ್ರತಿ, ಟೆನಿಸ್ ಕೋಚ್ ಹುದ್ದೆ ಮಂಜೂರಾಗಿದೆಯೇ ಮತ್ತು ಭರ್ತಿಯಾಗಿದೆಯೇ ಎಂಬ ದಾಖಲೆ, ಅಂಕಣ ಬಳಸುವ ಮಕ್ಕಳ ಹಾಜರಿ ಪುಸ್ತಕದ ಪ್ರತಿ, ಇಷ್ಟು ಕೇಳಿದರೆ ಸಾಕು. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ನಾನು ನನ್ನ ಜಿಲ್ಲೆಯದನ್ನು ಹಾಕಿದ್ದೇನೆ. ಬೇರೆ ಜಿಲ್ಲೆಯ ಗೆಳೆಯರೂ ಹಾಕಿದರೆ ಬಂದ ಉತ್ತರಗಳನ್ನೆಲ್ಲ ಜೋಡಿಸಿ ಇಲ್ಲೇ ಹಾಕೋಣ, ಹಾಜರಿ ಪುಸ್ತಕ ಖಾಲಿ ಬಂದರೆ ಅದನ್ನೂ.